ಕೊಲ್ಲಲಿಲ್ಲ ಅಂದರೆ ಸಾಕೇ?

ನಮ್ಮ ಕಡೆ ಬೆಕ್ಕನ್ನು ಕೊಲ್ಲಲು ಜನ ಅಂಜುತ್ತಾರೆ. ಕೊಂದರೆ ಬಂಗಾರದ ಬೆಕ್ಕು ಮಾಡಿಸಿ ಕಾಶಿಗೆ ಒಯ್ದು ದಾನ ಕೊಡಬೇಕು ಅನ್ನುವ ಮಾತು ಹಿರಿಯರ ಕಾಲದಿಂದ ಬಂದಿದೆ. ಒಳ್ಳೆಯದೇ. ಆದರೆ ಮರಿ ಹೆಚ್ಚಾದಾಗ ನಾವು ಮಾಡುವುದೇನು? ಗೋಣಿಚೀಲದಲ್ಲಿ ತುಂಬಿ, ಬಾಯಿ ಕಟ್ಟಿ, ಹೊಳಿ ಆಚೆ ಬಿಟ್ಟು ಬರುತ್ತೇವೆ. ಇಲ್ಲಾ ರೈಲ್ವೆ ಸ್ಟೇಷನ್ ಹತ್ತಿರ, ಇಲ್ಲಾ ಗಿರಣಿ ಹಿಂದೆ. "ನಾವೇನ್ ಕೊಂದಿಲ್ಲಲ್ರೀ, ಎಲ್ಲೋ ಬದುಕ್ಕೋತಾವ" ಅಂತ ಕೈ ತೊಳೆದುಕೊಳ್ಳುತ್ತೇವೆ.

ಕಣ್ಣು ಬಿಡದ ಮರಿ ಎಲ್ಲಿ ಬದುಕೀತು? ತಾಯಿ ಮೈಯ ಕಾವಿಲ್ಲದೆ, ಹಾಲಿಲ್ಲದೆ ಒಂದೆರಡು ದಿನದಲ್ಲಿ ಸಾಯುತ್ತದೆ, ಅಥವಾ ನಾಯಿ ಬಾಯಿಗೆ ಬೀಳುತ್ತದೆ. ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಬಿಡುವುದು ಅಪರಾಧ ಅಂತ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಂ ಹೇಳುತ್ತದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂಗ ಆಯ್ತು ನಮ್ಮ ಪುಣ್ಯ.

ಇನ್ನೊಂದು ಬಗೆಯ ಜನ ಇದ್ದಾರೆ. ಕಂಡ ಕಂಡ ಬೆಕ್ಕನ್ನೆಲ್ಲ ಎತ್ತಿ ತಂದು ಸಾಕುವವರು. ಇವರ ಮನಸ್ಸು ದೊಡ್ಡದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಎತ್ತಿ ತಂದ ಮೇಲೆ ಏನಾಗುತ್ತದೆ ಅಂತ ನೋಡಬೇಕಲ್ಲ? ತಾಯಿ ಇಲಿ ಹಿಡಿಯಲು ಹೋದಾಗ ಮರಿಗಳು ತಾಸುಗಟ್ಟಲೆ ಒಂಟಿಯಾಗಿರುತ್ತವೆ. ಅವನ್ನು ಅನಾಥ ಅಂದುಕೊಂಡು ತಂದು ಆಕಳ ಹಾಲು ಕುಡಿಸಿದರೆ ಭೇದಿ ಹತ್ತಿ ಸಾಯುತ್ತವೆ. ದಯೆಯ ಹೆಸರಲ್ಲಿ ತಾಯಿಯಿಂದ ಮರಿ ಕಸಿದದ್ದಷ್ಟೇ ಬಂತು.

ಪೇಟೆಯ ಆಶ್ರಯತಾಣಗಳ ಜಗಳವೂ ಇದೇ. ಹತ್ತು ಬೆಕ್ಕಿನ ಜಾಗದಲ್ಲಿ ನಲವತ್ತು ಕೂಡಿ ಹಾಕಿದರೆ ರೋಗ ಬಿಡುತ್ತದೆಯೇ? ಪ್ಯಾನ್‌ಲ್ಯುಕೋಪೇನಿಯಾ, ಅಂದರೆ ಎಫ್‌ಪಿವಿ ಅನ್ನುವ ವೈರಸ್ ಬೆಕ್ಕುಗಳಿಗೆ ಮಾರಿ ಇದ್ದಂತೆ. ಮನುಷ್ಯರಿಗೆ ತಗಲುವುದಿಲ್ಲ, ಆದರೆ ಲಸಿಕೆಯಿಲ್ಲದ ಮರಿಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ. ನೆಲದಲ್ಲಿ, ಬಟ್ಟೆಯಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಹೊಳಿ ಆಚೆ ರಾಯಚೂರು ಜಿಲ್ಲೆಯಲ್ಲೇ ಈ ರೋಗ ಕಾಣಿಸಿ ಬೆಕ್ಕುಗಳು ಸತ್ತ ಸುದ್ದಿ ಪೇಪರಿನಲ್ಲಿ ಬಂದಿತ್ತು. ಲಸಿಕೆ ಇಲ್ಲದೆ, ಹೊಸದಾಗಿ ಬಂದ ಬೆಕ್ಕನ್ನು ಎರಡು ವಾರ ಬೇರೆ ಇಡದೆ ಗುಂಪಿಗೆ ಸೇರಿಸಿದವರು "ಒಂದನ್ನೂ ಕೊಂದಿಲ್ಲ" ಅಂದರೆ ನಂಬಬೇಕೇ?

ಅಮೆರಿಕದಲ್ಲಿ ಈ ವಾದ ಬಹಳ ವರ್ಷದಿಂದ ನಡೆದಿದೆ. ಬಂದ ಪ್ರಾಣಿಗಳಲ್ಲಿ ನೂರಕ್ಕೆ 90 ಉಳಿಸಿದರೆ ಅದು 'ನೋ ಕಿಲ್' ತಾಣ ಅಂತ ಅಲ್ಲಿ ಲೆಕ್ಕ. ಆದರೆ "ಜಾಗ ಇಲ್ಲ" ಅಂತ ಬಾಗಿಲು ಹಾಕಿಕೊಂಡರೂ ಆ ಲೆಕ್ಕ ಸರಿಹೋಗುತ್ತದೆ. ಒಳಗಿನ ಲೆಕ್ಕ ಚೆಂದ, ಹೊರಗೆ ಸತ್ತದ್ದನ್ನು ಎಣಿಸುವವರಿಲ್ಲ.

ನನ್ನ ಮಾತು ಇಷ್ಟೇ: ಕೈಯಾರೆ ಕೊಂದೆವೋ ಇಲ್ಲವೋ ಅನ್ನುವುದು ಅಳತೆಗೋಲಲ್ಲ. ನಾವು ಕೈ ಹಾಕಿದ ಮೇಲೆ ಆ ಜೀವದ ಗತಿ ಏನಾಯಿತು, ಅದೇ ಅಳತೆ.

ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಗಬ್ಬವಾಗಬಲ್ಲದು. ಸುಮಾರು 65 ದಿನಕ್ಕೆ ಮರಿ ಹಾಕುತ್ತದೆ. ವರ್ಷಕ್ಕೆ ಎರಡು ಮೂರು ಸೂಲು, ಸೂಲಿಗೆ ಮೂರ್ನಾಲ್ಕು ಮರಿ. ಇದಕ್ಕೆ ಚೀಲವೂ ಉತ್ತರವಲ್ಲ, ಪಂಜರವೂ ಉತ್ತರವಲ್ಲ. ಸಂತಾನಹರಣ ಆಪರೇಷನ್ ಮಾಡಿಸಿ, ಲಸಿಕೆ ಹಾಕಿಸಿ, ಹಿಡಿದ ಜಾಗಕ್ಕೇ ತಂದು ಬಿಡುವುದು ಉತ್ತರ. ಜ್ವಾಳದ ಚೀಲ, ಭತ್ತದ ರಾಶಿ ಕಾಯಲು ಬೆಕ್ಕು ಬೇಕೇ ಬೇಕು. ಆಪರೇಷನ್ ಆದ ಬೆಕ್ಕು ಇಲಿ ಹಿಡಿಯುವುದನ್ನು ಮರೆಯುವುದಿಲ್ಲ.

"ದೇವರು ಕೊಟ್ಟದ್ದನ್ನ ಕೀಳೋದು ಪಾಪ" ಅನ್ನುವವರಿದ್ದಾರೆ. ಅಣ್ಣಾ, ತಲೆತಲಾಂತರದಿಂದ ಹೋರಿಗೆ ಬೀಜ ಒಡೆಸಿ ನೊಗಕ್ಕೆ ಕಟ್ಟಿದವರು ನಾವು. ಅದೂ ಮದ್ದಿಲ್ಲದೆ. ನಮ್ಮ ಹೊಲದ ಕೆಲಸಕ್ಕೆ ಇಲ್ಲದ ಪಾಪ, ಬೆಕ್ಕಿನ ಒಳಿತಿಗೆ ಮಾತ್ರ ಎಲ್ಲಿಂದ ಬಂತು?

ವಾಸಿಯಾಗದೆ ನರಳುವ ಬೆಕ್ಕಿಗೆ ಸೂಜಿ ಕೊಟ್ಟು ನೋವು ಮುಗಿಸುವುದು ಸರಿಯೇ ಅಂತ ಕೇಳುತ್ತಾರೆ. ಪಶುವೈದ್ಯರು ನೋಡಿ ಬೇರೆ ದಾರಿಯಿಲ್ಲ ಅಂದಾಗ ಸರಿ. ಜಾಗ ಇಲ್ಲ, ಖರ್ಚು ಆಗುತ್ತದೆ ಅಂತಾದರೆ ಎಂದಿಗೂ ಸರಿಯಲ್ಲ.

ಎಮ್ಮೆ ಆಕಳಿಗೆ ಲಸಿಕೆ ಹಾಕಲು ಡಾಕ್ಟರು ಊರಿಗೆ ಬಂದಾಗ ಬೆಕ್ಕಿನ ಆಪರೇಷನ್ ಬಗ್ಗೆಯೂ ಕೇಳೋಣ. ಮಕ್ತಲ್, ನಾರಾಯಣಪೇಟೆಯ ದನದ ದವಾಖಾನಿಗೆ ಪಂಚಾಯಿತಿಯಿಂದ ಒಂದು ಅರ್ಜಿ ಹೋಗಲಿ. ಮಾಸ್ತರು, ಅಕ್ಕೋರು ಮಕ್ಕಳಿಗೆ ಒಂದು ಮಾತು ಹೇಳಲಿ: ಎರಡು ತಿಂಗಳಾಗುವವರೆಗೆ ಮರಿಯನ್ನು ತಾಯಿಯಿಂದ ಅಗಲಿಸಬೇಡಿ, ದೂರ ನಿಂತು ನೋಡಿ. ಇಷ್ಟು ಮಾಡಿದರೆ ಗೋಣಿಚೀಲ ಜ್ವಾಳಕ್ಕಷ್ಟೇ ಸಾಕು.