ಕಲಿತ ಮಾತು ಮರೆಯುವ ಮಗು

1954ರ ಮಾತು. ವಿಯೆನ್ನಾದ ಮಕ್ಕಳ ವೈದ್ಯ ಆಂಡ್ರಿಯಾಸ್ ರೆಟ್ ಅವರ ಚಿಕಿತ್ಸಾಲಯದಲ್ಲಿ ಇಬ್ಬರು ಪುಟ್ಟ ಹುಡುಗಿಯರು ತಾಯಂದಿರ ತೊಡೆಯ ಮೇಲೆ ಕುಳಿತು ಸರದಿಗಾಗಿ ಕಾಯುತ್ತಿದ್ದರು. ಇಬ್ಬರೂ ಬಟ್ಟೆ ಒಗೆಯುವವರಂತೆ ಒಂದೇ ಸಮನೆ ಕೈ ಹೊಸೆಯುತ್ತಿದ್ದರು! ರೆಟ್ ಇಂಥ ಮಕ್ಕಳನ್ನೇ ಹುಡುಕತೊಡಗಿದರು. 1966ರಲ್ಲಿ ಅವರು ಪ್ರಕಟಿಸಿದ ವರದಿಯನ್ನು ಹೆಚ್ಚು ಜನ ಓದಲಿಲ್ಲ. ಕಾಯಿಲೆಗೆ ಮಾತ್ರ ಅವರದೇ ಹೆಸರು ಉಳಿಯಿತು.

ಸುಮಾರು 10,000 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಬರುವ ಕಾಯಿಲೆ ಇದು. ಮೊದಲ 6 ತಿಂಗಳು ಮಗು ಎಲ್ಲರಂತೆಯೇ ಇರುತ್ತದೆ. ಆಮೇಲೆ ಬೆಳವಣಿಗೆ ಕುಂಟುತ್ತದೆ. ಕಲಿತ ಮಾತು ಹೋಗುತ್ತದೆ, ಆಟಿಕೆ ಹಿಡಿಯುತ್ತಿದ್ದ ಕೈ ಹಿಡಿಯುವುದನ್ನೇ ಮರೆಯುತ್ತದೆ.

ಕಾರಣ ಸಿಕ್ಕಿದ್ದು 1999ರಲ್ಲಿ. ಲೆಬನಾನ್‌ನಲ್ಲಿ ಹುಟ್ಟಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ನೆಲೆಸಿದ ವೈದ್ಯೆ ಹುಡಾ ಝೋಗ್ಬಿ ಅವರ ತಂಡ ಎಕ್ಸ್ ವರ್ಣತಂತುವಿನ ಒಂದು ವಂಶವಾಹಿಯಲ್ಲಿ ದೋಷ ಕಂಡಿತು. ಆ ವಂಶವಾಹಿ ತಯಾರಿಸುವ ಪ್ರೋಟೀನಿನ ಹೆಸರು ಮೆಕ್‌ಪಿ-2.

ಅದರ ಕೆಲಸವೇನು? ನಮ್ಮ ಯಕೃತ್ತಿನ ಕೋಶದಲ್ಲೂ ಮಿದುಳಿನ ನರಕೋಶದಲ್ಲೂ ಇರುವುದು ಅವೇ ಸುಮಾರು 20,000 ವಂಶವಾಹಿಗಳು. ಯಾವುದು ಎಷ್ಟು ದುಡಿಯಬೇಕೆಂಬುದರಲ್ಲೇ ವ್ಯತ್ಯಾಸ. ಡಿಎನ್‌ಎ ಎಳೆಯ ಮೇಲೆ ಅಲ್ಲಲ್ಲಿ ಮೀಥೈಲ್ ಎಂಬ ರಾಸಾಯನಿಕ ಗುರುತುಗಳಿರುತ್ತವೆ. ಮೆಕ್‌ಪಿ-2 ಅವಕ್ಕೆ ಅಂಟಿಕೊಂಡು, ರೇಡಿಯೋದ ಗುಂಡಿ ತಿರುಗಿಸಿದಂತೆ, ವಂಶವಾಹಿಗಳ ದನಿ ತಗ್ಗಿಸುತ್ತದೆ. ನರಕೋಶ ಬಲಿತಂತೆ ಈ ಪ್ರೋಟೀನು ಹೆಚ್ಚುತ್ತದೆ. ಕಾಯಿಲೆ ತಡವಾಗಿ ತಲೆದೋರುವುದೇಕೆ ಎಂಬುದಕ್ಕೆ ಸುಳಿವು ಇಲ್ಲಿದೆ.

ಬಸುರಿನಲ್ಲಿ ತಾಯಿ ಏನು ತಿಂದಳು, ಗ್ರಹಣ ನೋಡಿದಳೇ ಎಂದು ವಿಚಾರಣೆ ನಡೆಸುವ ಹಿರಿಯರು ಗಮನಿಸಬೇಕು: ಈ ದೋಷ ಬಹುಪಾಲು ಹೊಸದಾಗಿ, ಅದೂ ತಂದೆಯ ವೀರ್ಯಾಣುವಿನಲ್ಲಿ ಹುಟ್ಟುತ್ತದೆ. ಹಾಗೆಂದು ಅಪ್ಪನನ್ನು ಹಿಡಿದುಕೊಳ್ಳಬೇಡಿ! ಡಿಎನ್‌ಎ ನಕಲಾಗುವಾಗ ಎಲ್ಲೋ ಅಕ್ಷರ ತಪ್ಪಿರುತ್ತದೆ, ಅಷ್ಟೆ.

2007ರಲ್ಲಿ ಎಡಿನ್‌ಬರೋದ ಏಡ್ರಿಯನ್ ಬರ್ಡ್ ಅವರ ತಂಡ ಇಲಿಗಳಲ್ಲಿ ಈ ವಂಶವಾಹಿಯನ್ನು ಮುಚ್ಚಿಟ್ಟು, ಕಾಯಿಲೆ ಬಲಿತ ಮೇಲೆ ಮತ್ತೆ ತೆರೆಯಿತು. ಸಾಯುವ ಸ್ಥಿತಿಯಲ್ಲಿದ್ದ ಇಲಿಗಳೂ ಚೇತರಿಸಿಕೊಂಡವು! ಅಂದರೆ ನರಕೋಶಗಳು ಸತ್ತಿರಲಿಲ್ಲ, ಪ್ರೋಟೀನಿಗಾಗಿ ಕಾಯುತ್ತಿದ್ದವು.

ಮಕ್ಕಳಲ್ಲಿ ಅದು ಅಷ್ಟು ಸುಲಭವಲ್ಲ. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟ್ರೋಫಿನೆಟೈಡ್ ಎಂಬ ಔಷಧ ಲಕ್ಷಣಗಳನ್ನು ಕೊಂಚ ತಗ್ಗಿಸುತ್ತದೆ, ಮೂಲವನ್ನು ಮುಟ್ಟದು. ಸರಿಯಾದ ವಂಶವಾಹಿಯನ್ನೇ ಮಿದುಳಿಗೆ ಒಯ್ಯುವ ಪ್ರಯತ್ನವೂ ನಡೆದಿದೆ. ಆದರೆ ಮೆಕ್‌ಪಿ-2 ಹೆಚ್ಚಾದರೂ ಕೇಡೇ. ಈ ವಂಶವಾಹಿಯ ಎರಡು ಪ್ರತಿಗಳಿರುವ ಗಂಡುಮಕ್ಕಳಿಗೆ ಮಾತು ಬಾರದಿರುವುದು, ಮೂರ್ಛೆ ಕಾಡುವುದು ಉಂಟು. ಹೀಗಾಗಿ ಪ್ರತಿ ನರಕೋಶಕ್ಕೂ ಅಳತೆ ಮೀರದಂತೆ ಅದನ್ನು ತಲುಪಿಸುವುದು ಹೇಗೆಂಬುದೇ ಈಗ ವಿಜ್ಞಾನಿಗಳ ತಲೆ ತಿನ್ನುತ್ತಿರುವ ಪ್ರಶ್ನೆ.