ಬಂಡೆ ಸಿಡಿಸಿದ ಎಣ್ಣೆ, ನಾಲಗೆಯಡಿಯ ಗುಳಿಗೆ

ಬೆಳಗಾವಿ ಹತ್ತಿರದ ಮಚ್ಛೆಯಿಂದ ಸಹೋದರಿಯೊಬ್ಬರು ಬರೆದಿದ್ದಾರೆ. ಅವರ ಮಾವನಿಗೆ ಆಗಾಗ ಎದೆನೋವು. ನೋವು ಬಂದಾಗ ನಾಲಗೆಯಡಿ ಇಟ್ಟುಕೊಳ್ಳಲು ಡಾಕ್ಟರು ಒಂದು ಪುಟ್ಟ ಕಂದು ಬಾಟಲಿಯ ಗುಳಿಗೆ ಬರೆದುಕೊಟ್ಟಿದ್ದಾರೆ. ಎಂಜಿನಿಯರಿಂಗ್ ಓದುವ ಮೊಮ್ಮಗ ಬಾಟಲಿಯ ಮೇಲಿನ ಹೆಸರು ನೋಡಿ, “ಅಜ್ಜಾ, ಇದು ಡೈನಮೈಟಿನೊಳಗಿನ ಮದ್ದು” ಎಂದುಬಿಟ್ಟ. ಅಂದಿನಿಂದ ಬಾಟಲಿ ಅಟ್ಟ ಸೇರಿದೆ. ಮಾವ ನೋವನ್ನು ಹಲ್ಲುಕಚ್ಚಿ ಸಹಿಸುತ್ತಾರೆ, ಗುಳಿಗೆ ಮುಟ್ಟುವುದಿಲ್ಲ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇರುವ ಊರು ಮಚ್ಛೆ. ಅಲ್ಲಿನ ಹುಡುಗನಿಗೆ ಇಷ್ಟು ಗೊತ್ತಿರುವುದು ಸಹಜ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ ಮಾತ್ರ ಹೇಳಿದ.

ಆ ಮದ್ದಿನ ಹೆಸರು ನೈಟ್ರೋಗ್ಲಿಸರಿನ್. 1847ರಲ್ಲಿ ಇಟಲಿಯ ತುರಿನ್ ನಗರದಲ್ಲಿ ಅಸ್ಕಾನಿಯೋ ಸೊಬ್ರೆರೊ ಎಂಬ ವಿಜ್ಞಾನಿ ಇದನ್ನು ಮೊದಲು ತಯಾರಿಸಿದ. ನೋಡಲು ಎಣ್ಣೆಯಂತಹ ದ್ರವ, ತುಸು ಅಲುಗಿದರೂ ಸಿಡಿಯುವ ಸ್ವಭಾವ. ಒಂದು ಚೂರನ್ನು ನಾಲಗೆಗೆ ಮುಟ್ಟಿಸಿ ನೋಡಿದಾಗ ಅವನಿಗೆ ತಲೆ ಸಿಡಿಯುವಂತಹ ನೋವು ಬಂತು. ಎಣ್ಣೆಯ ಎರಡೂ ಗುಣಗಳು ಅಲ್ಲೇ ಬಯಲಾಗಿದ್ದವು. ಆದರೆ ಎರಡನೆಯದನ್ನು ಬಹಳ ಕಾಲ ಯಾರೂ ಗಂಭೀರವಾಗಿ ಪರಿಗಣಿಸಲಿಲ್ಲ.

ಮೊದಲನೆಯದನ್ನು ಹಿಡಿದು ಹೊರಟವನು ಸ್ವೀಡನ್ನಿನ ಆಲ್ಫ್ರೆಡ್ ನೊಬೆಲ್. 1864ರಲ್ಲಿ ಸ್ಟಾಕ್‌ಹೋಮಿನ ಅವರ ಕಾರ್ಖಾನೆಯಲ್ಲಿ ಸ್ಫೋಟವಾಗಿ ತಮ್ಮ ಎಮಿಲ್ ಸೇರಿ ಹಲವರು ಸತ್ತರು. 1867ರಲ್ಲಿ ನೊಬೆಲ್ ಈ ಎಣ್ಣೆಯನ್ನು ಒಂದು ಬಗೆಯ ಮೃದು ಮಣ್ಣಿಗೆ ಹೀರಿಸಿ ಕಡ್ಡಿ ಮಾಡಿದ. ಅದೇ ಡೈನಮೈಟ್. ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ ನೆಲದಾಳದ ಬಂಡೆ ಒಡೆದದ್ದು ಇಂತಹ ಮದ್ದುಗಳಿಂದಲೇ. ಸ್ಫೋಟಕದ ಕಾರ್ಖಾನೆಗಳಲ್ಲಿ ವಿಚಿತ್ರವೊಂದು ಕಂಡುಬರುತ್ತಿತ್ತು. ಭಾನುವಾರ ರಜೆ ಮುಗಿಸಿ ಸೋಮವಾರ ಬಂದ ಕೆಲಸಗಾರರಿಗೆ ವಿಪರೀತ ತಲೆನೋವು. ಹೃದಯದ ತೊಂದರೆ ಇದ್ದವರಲ್ಲಿ ಕೆಲವರಿಗೆ ಇದರ ತದ್ವಿರುದ್ಧ: ಕೆಲಸದ ದಿನ ಆರಾಮ, ರಜೆಯ ದಿನ ಎದೆನೋವು! ಗಾಳಿಯಿಂದಲೂ ಚರ್ಮದಿಂದಲೂ ಅವರಿಗೆ ಔಷಧಿ ಪುಕ್ಕಟೆ ಸಿಗುತ್ತಿತ್ತು, ಅಷ್ಟೇ.

ಲಂಡನ್ನಿನ ವೈದ್ಯ ವಿಲಿಯಂ ಮರೆಲ್ ಶೇಕಡಾ 1ರ ದ್ರಾವಣದ ಬಾಟಲಿಯ ಬಿರಡೆಯನ್ನು ನೆಕ್ಕಿ ನೋಡಿದ. ನಾಡಿ ಇಡೀ ಮೈಯಲ್ಲಿ ಬಡಿದಂತಾಯಿತು. ಆಮೇಲೆ ಎದೆನೋವಿನ ರೋಗಿಗಳಿಗೆ ಕೊಟ್ಟು 1879ರಲ್ಲಿ ಫಲಿತಾಂಶ ಪ್ರಕಟಿಸಿದ. ಕೊನೆಗಾಲದಲ್ಲಿ ಸ್ವತಃ ನೊಬೆಲ್‌ಗೂ ವೈದ್ಯರು ಇದನ್ನೇ ಬರೆದುಕೊಟ್ಟರು. ಜನ ಹೆದರಬಾರದೆಂದು ಔಷಧಿಗೆ ಬೇರೆ ಹೆಸರಿಟ್ಟಿದ್ದಾರೆ ಎಂದು ಅವನು ಗೆಳೆಯನಿಗೆ ಬರೆದ ಪತ್ರವಿದೆ. ಮಚ್ಛೆಯ ಮಾವನ ಹೆದರಿಕೆ ಹೊಸದಲ್ಲ ನೋಡಿ.

ಇದು ದೇಹದೊಳಗೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ. ಆ ಅನಿಲ ರಕ್ತನಾಳಗಳನ್ನು ಸಡಿಲಿಸುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಅದರ ಹೊರೆ ಇಳಿಯುತ್ತದೆ, ನೋವು ತಗ್ಗುತ್ತದೆ. ದೇಹದಲ್ಲಿ ಈ ಅನಿಲದ ಪಾತ್ರವನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ಸಿಕ್ಕ ಬಹುಮಾನ ಯಾವುದು ಗೊತ್ತೇ? ನೊಬೆಲ್!

ಹಾಗಾದರೆ ಗುಳಿಗೆ ಸಿಡಿಯುತ್ತದೆಯೇ? ಖಂಡಿತ ಇಲ್ಲ. ಒಂದು ಗುಳಿಗೆಯಲ್ಲಿರುವುದು ಅರ್ಧ ಮಿಲಿಗ್ರಾಂನಷ್ಟು. ಉಳಿದದ್ದು ಸಕ್ಕರೆಯಂತಹ ನಿರುಪದ್ರವಿ ಪುಡಿ. ಇನ್ನೊಂದು ಮಾತು. 2004ರಿಂದ ನಮ್ಮ ದೇಶದಲ್ಲಿ ನೈಟ್ರೋಗ್ಲಿಸರಿನ್ ಬೆರೆತ ಗಣಿ ಸ್ಫೋಟಕಗಳಿಗೆ ನಿಷೇಧವಿದೆ. 2021ರಲ್ಲಿ ಶಿವಮೊಗ್ಗದ ಹುಣಸೋಡಿನಲ್ಲೂ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲೂ ಬಡ ಕಾರ್ಮಿಕರ ಜೀವ ತೆಗೆದ ‘ಜಿಲೆಟಿನ್ ಕಡ್ಡಿ’ಗಳಿಗೆ ಹಳೆಯ ಹೆಸರು ಉಳಿದಿದೆ, ಒಳಗಿನ ಸರಕು ಬೇರೆಯಾಗಿದೆ. ಕಲ್ಲುಕ್ವಾರಿ ಬಿಟ್ಟ ಎಣ್ಣೆ ಔಷಧಿ ಅಂಗಡಿಯಲ್ಲಿ ಉಳಿದುಕೊಂಡಿದೆ.

ಸಹೋದರಿ, ಮೊದಲು ಆ ಬಾಟಲಿಯನ್ನು ಅಟ್ಟದಿಂದ ಇಳಿಸಿ. ಬಿಸಿಲು ಕಾದ ಅಟ್ಟದಲ್ಲಿ ಅದರ ಶಕ್ತಿ ಆರಿಹೋಗಿರಬಹುದು, ಹೊಸದು ತನ್ನಿ. ಕೆಲವರಿಗೆ ಎಲ್ಲ ಗುಳಿಗೆಗಳನ್ನೂ ಒಂದೇ ಡಬ್ಬಿಗೆ ಸುರಿದಿಡುವ ಅಭ್ಯಾಸ. ಇದನ್ನು ಹಾಗೆ ಮಾಡಬೇಡಿ. ಈ ಔಷಧಿ ತಾನಾಗಿ ಆವಿಯಾಗುತ್ತದೆ, ಪ್ಲಾಸ್ಟಿಕ್ಕೂ ಹತ್ತಿಯೂ ಅದನ್ನು ಹೀರುತ್ತವೆ. ಅದರದೇ ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಿ, ತೆರೆದ ದಿನಾಂಕ ಬರೆದಿಡಿ, ಒಲೆಯಿಂದ ದೂರ ಇರಲಿ. ಆದರೆ ಮಾವನ ಕೈಗೆ ಎಟಕುವಂತಿರಲಿ.

ನೋವು ಬಂದಾಗ ಅವರು ಮೊದಲು ಕೂರಬೇಕು. ನಿಂತು ತೆಗೆದುಕೊಂಡರೆ ರಕ್ತದೊತ್ತಡ ಇಳಿದು ತಲೆಸುತ್ತಿ ಬೀಳಬಹುದು. ಗುಳಿಗೆ ನಾಲಗೆಯಡಿ ಕರಗಬೇಕು, ನೀರಿನೊಂದಿಗೆ ನುಂಗಿದರೆ ಪ್ರಯೋಜನ ಅಷ್ಟಕ್ಕಷ್ಟೇ. ತಲೆನೋವು ಬಂದರೆ ಗಾಬರಿ ಬೇಡ, ಅದು ಸೊಬ್ರೆರೊನ ಕಾಲದಿಂದಲೂ ಇದೆ. 5 ನಿಮಿಷದಲ್ಲಿ ನೋವು ಇಳಿಯದಿದ್ದರೆ ಕಾಯುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ. ಈ ಗುಳಿಗೆ ಕಟ್ಟಿದ ನಾಳವನ್ನು ತೆರೆಯುವುದಿಲ್ಲ. “ಗುಳಿಗೆ ಕೊಟ್ಟಿದ್ದೇವೆ, ಬೆಳಿಗ್ಗೆ ನೋಡೋಣ” ಎಂದು ರಾತ್ರಿ ಕಳೆಯುವ ಮನೆಗಳೇ ನನಗೆ ಹೆಚ್ಚು ಭಯ ಹುಟ್ಟಿಸುತ್ತವೆ.

ಪಕ್ಕದ ಮನೆಯವರ ಎದೆನೋವಿಗೆ ಇದನ್ನು ಕೊಡಲು ಓಡಬೇಡಿ. ಮೊಬೈಲಿನಲ್ಲಿ ಅಂತಹ ಸಲಹೆಗಳು ಬಹಳ ಹರಿದಾಡುತ್ತವೆ. ರಕ್ತದೊತ್ತಡ ಮೊದಲೇ ಇಳಿದಿದ್ದರೆ ಅಪಾಯ. ಹೇಳಲು ಸಂಕೋಚವಾದರೂ ಇನ್ನೊಂದನ್ನು ಹೇಳಲೇಬೇಕು. ಗಂಡಸರ ಲೈಂಗಿಕ ದೌರ್ಬಲ್ಯಕ್ಕೆ ಕೊಡುವ ಸಿಲ್ಡೆನಾಫಿಲ್, ಟಡಾಲಾಫಿಲ್ ಔಷಧಿಗಳು ಇದರೊಂದಿಗೆ ಸೇರಿದರೆ ಪ್ರಾಣಕ್ಕೇ ಸಂಚಕಾರ. ಮನೆಯವರಿಂದ ಮುಚ್ಚಿಟ್ಟರೂ ಡಾಕ್ಟರಿಂದ ಮುಚ್ಚಿಡಬೇಡಿ. ಹೆಸರಿಲ್ಲದ ‘ಶಕ್ತಿ ಪುಡಿ’ಗಳಲ್ಲೂ ಇವನ್ನು ಕದ್ದು ಬೆರೆಸಿರುವುದು ಪತ್ತೆಯಾಗಿದೆ.

ರಮಝಾನಿನ ಪ್ರಶ್ನೆಯೂ ಪತ್ರದಲ್ಲಿದೆ. 1997ರಲ್ಲಿ ಜಿದ್ದಾದಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯು, ಗಂಟಲಿಗೆ ಇಳಿದದ್ದನ್ನು ನುಂಗದಿದ್ದರೆ ಎದೆನೋವಿಗೆ ನಾಲಗೆಯಡಿ ಇಡುವ ಗುಳಿಗೆಯಿಂದ ಉಪವಾಸ ಮುರಿಯದು ಎಂದು ನಿರ್ಣಯಿಸಿತು. ಭಿನ್ನ ಅಭಿಪ್ರಾಯವುಳ್ಳ ಉಲಮಾಗಳೂ ಇದ್ದಾರೆ. ನಿಮ್ಮ ಮಸೀದಿಯ ಉಸ್ತಾದರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಆದರೆ ಎದೆ ಹಿಂಡುತ್ತಿರುವಾಗ ಮಸ್‌ಅಲಾ ಹುಡುಕುತ್ತ ಕೂರಬಾರದು. ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಕೊಟ್ಟಿರುವುದು ಕುರ್‌ಆನೇ. ಇಂತಹವರು ಉಪವಾಸ ಹಿಡಿಯಬಹುದೇ ಎಂಬುದನ್ನು ರಮಝಾನ್‌ಗೆ ಮುಂಚೆ ಹೃದಯದ ಡಾಕ್ಟರ ಬಳಿ ಕೇಳಿ.

ಉಮ್ರಾಕ್ಕೋ ಹಜ್ಜಿಗೋ ಹೊರಟವರು ಬಾಟಲಿಯನ್ನು ದೊಡ್ಡ ಪೆಟ್ಟಿಗೆಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ, ಜೊತೆಗೆ ಡಾಕ್ಟರ ಚೀಟಿಯೂ ಇರಲಿ. ವಿಮಾನ ನಿಲ್ದಾಣದ ಸ್ಫೋಟಕ ಪತ್ತೆ ಯಂತ್ರ ಅಪರೂಪಕ್ಕೊಮ್ಮೆ ಈ ಔಷಧಿಗೂ ಕೂಗಿಕೊಳ್ಳುವುದುಂಟು. ಆಗ ಚೀಟಿ ತೋರಿಸಿ.