ಹೃದಯ ವೈಫಲ್ಯ: ಯಂತ್ರ ಮನೆಗೆ ಬಂದರಷ್ಟೇ ಸಾಕೇ?

ಹೃದಯ ವೈಫಲ್ಯ ಎಂದೊಡನೆ ನಮ್ಮಲ್ಲಿ ಹೆಚ್ಚಿನವರು ಹೃದಯಾಘಾತವೆಂದೇ ತಿಳಿಯುತ್ತಾರೆ. ಆಘಾತ ಹಠಾತ್ತನೆ ಬರುವಂತಹದು. ವೈಫಲ್ಯದಲ್ಲಾದರೋ ರಕ್ತವನ್ನು ಪಂಪ್ ಮಾಡುವ ಹೃದಯದ ಶಕ್ತಿ ಕುಂದಿ, ದೇಹದಲ್ಲಿ ನೀರು ಸೇರುತ್ತಾ ಹೋಗುತ್ತದೆ. ಕಾಲು ಊದುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಆಸ್ಪತ್ರೆಯಲ್ಲಿ ನೀರು ಇಳಿಸಿಕೊಂಡು ಮನೆಗೆ ಬಂದವರು ಕೆಲವೇ ವಾರಗಳಲ್ಲಿ ಮತ್ತೆ ದಾಖಲಾಗುವುದು ಸಾಮಾನ್ಯ. ಈ ನಡುವಿನ ದಿನಗಳಲ್ಲಿ ಅವರ ಮೇಲೆ ನಿಗಾ ಇಡುವವರು ಯಾರು ಎಂಬುದೇ ಪ್ರಶ್ನೆ.

ತಂತ್ರಜ್ಞಾನ ಉತ್ತರವಾಗಬಲ್ಲದು, ಆದರೆ ಎಲ್ಲ ಕಡೆಯೂ ಆಗಿಲ್ಲ. ಅಮೆರಿಕದಲ್ಲಿ 1,653 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗಿಯೇ ದಿನಾ ಫೋನ್ ಮಾಡಿ, ಯಂತ್ರದ ಧ್ವನಿಗೆ ತನ್ನ ತೂಕ ಮತ್ತು ಲಕ್ಷಣಗಳನ್ನು ತಿಳಿಸಬೇಕಿತ್ತು. ಸಾವಾಗಲಿ, ಮರುದಾಖಲಾತಿಯಾಗಲಿ ಕಡಿಮೆಯಾಗಲಿಲ್ಲ. ಯಂತ್ರದ ಜೊತೆ ಎಷ್ಟು ದಿನ ಮಾತನಾಡಿಯಾರು? ಆರು ತಿಂಗಳ ಕೊನೆಗೆ ವಾರಕ್ಕೆ ಮೂರು ಬಾರಿಯಾದರೂ ಕರೆ ಮಾಡುತ್ತಿದ್ದವರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಮಾತ್ರ.

ಜರ್ಮನಿಯಲ್ಲಿ ಬೇರೆಯೇ ದಾರಿ ಹಿಡಿದರು. ತೂಕ, ರಕ್ತದೊತ್ತಡ, ಇಸಿಜಿ, ಆಮ್ಲಜನಕದ ಪ್ರಮಾಣ ದಿನವೂ ಮನೆಯಿಂದ ಬರ್ಲಿನ್‌ನ ಶಾರಿಟೆ ಆಸ್ಪತ್ರೆಯ ಕೇಂದ್ರಕ್ಕೆ ತಲುಪುತ್ತಿತ್ತು. ಅಲ್ಲಿ ಹಗಲು ರಾತ್ರಿ ವೈದ್ಯರು, ದಾದಿಯರು ಕುಳಿತಿದ್ದರು. ತೂಕ ಏರಿತೆಂದರೆ ಅವರೇ ಫೋನ್ ಮಾಡಿ ಔಷಧ ಸರಿಪಡಿಸುತ್ತಿದ್ದರು. 2018ರಲ್ಲಿ ಫಲಿತಾಂಶ ಹೊರಬಂತು: ಅನಿರೀಕ್ಷಿತ ದಾಖಲಾತಿ ಅಥವಾ ಸಾವಿನಿಂದ ನಷ್ಟವಾಗುವ ದಿನಗಳು ವರ್ಷಕ್ಕೆ ಸುಮಾರು 24ರಿಂದ 18ಕ್ಕೆ ಇಳಿದವು, ನೂರು ಮಂದಿಯಲ್ಲಿ ವರ್ಷಕ್ಕೆ 11 ಸಾವು ಇದ್ದಲ್ಲಿ 8 ಆಯಿತು. 2020ರ ಡಿಸೆಂಬರ್‌ನಲ್ಲಿ ಜರ್ಮನಿ ಈ ಸೇವೆಯನ್ನು ಸಾರ್ವಜನಿಕ ಆರೋಗ್ಯ ವಿಮೆಗೆ ಸೇರಿಸಲು ನಿರ್ಧರಿಸಿತು. ವಿಮೆ ಹಣ ಕೊಡುವುದು ತಕ್ಕಡಿಗೆ ಮಾತ್ರವಲ್ಲ, ಅದನ್ನು ನೋಡುವ ಕಣ್ಣಿಗೂ ಎಂಬುದು ಗಮನಾರ್ಹ.

ನಮ್ಮ ಕರಾವಳಿಗೆ ಇದು ತೀರಾ ಹೊಸತೇನಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಆರಂಭಿಸಿದ 'ಮನೆ ಬಾಗಿಲಿಗೆ ಹೃದ್ರೋಗ ಚಿಕಿತ್ಸೆ' ಯೋಜನೆಯಲ್ಲಿ ಹಳ್ಳಿಯ ವೈದ್ಯರು ಇಸಿಜಿಯನ್ನು ವಾಟ್ಸಾಪ್‌ನಲ್ಲಿ ಕಳುಹಿಸಿ ತಜ್ಞರ ಸಲಹೆ ಪಡೆದರು. ಆದರೆ ಅದು ಮುಖ್ಯವಾಗಿ ಆಘಾತದ ತುರ್ತಿಗೆ. ವೈಫಲ್ಯಕ್ಕೆ ದಿನನಿತ್ಯದ ಕಾವಲು ಬೇಕು. ಮಕ್ಕಳು ಗಲ್ಫ್‌ನಲ್ಲಿ, ವಯಸ್ಸಾದ ತಂದೆ ತಾಯಿ ಊರಲ್ಲಿ, ಊಟಕ್ಕೆ ಗಂಜಿಯ ಜೊತೆ ಉಪ್ಪಿನಕಾಯಿ, ಒಣಮೀನು: ಹೀಗಿರುವ ಮನೆಗಳಲ್ಲಿ ಮೂರು ದಿನದಲ್ಲಿ ಎರಡು ಕಿಲೋ ತೂಕ ಏರಿದರೆ ಅದು ಅಪಾಯದ ಸೂಚನೆಯೆಂದು ಹೇಳುವವರಿಲ್ಲ.

ಆಯುಷ್ಮಾನ್ ಭಾರತ್ ಆಸ್ಪತ್ರೆಗೆ ದಾಖಲಾದವರ ಚಿಕಿತ್ಸೆಗೆಂದು ರೂಪಿಸಿದ ಯೋಜನೆ. ಬಿಡುಗಡೆಯಾದ ಮೇಲೆ ಅದರ ನೆರವು 15 ದಿನಗಳವರೆಗೆ. ಹದಿನಾರನೆಯ ದಿನ ದಾದಿಯೊಬ್ಬಳು ಫೋನ್ ಮಾಡಬೇಕಾದರೆ ಆಕೆಗೆ ಸಂಬಳ ಕೊಡುವವರು ಯಾರೆಂದು ಸರಕಾರವೂ, ನಮ್ಮ ಖಾಸಗಿ ಆಸ್ಪತ್ರೆಗಳೂ ಹೇಳಬೇಕಾಗಿದೆ.